ಕಾರ್ಖಾನೆ, ಆಫೀಸಿನ ಕೆಲಸಕ್ಕೆ ಬೇಕಾಗುವಷ್ಟು ಇಂಗ್ಲಿಷ್: ಕನ್ನಡ ಮಾಧ್ಯಮದವರಿಗೆ ಹಂತ ಹಂತದ ದಾರಿ

“ಕೆಲಸ ಬರ್ತದ್ರಿ ಸರ, ಇಂಗ್ಲಿಷ್ ಬರಂಗಿಲ್ಲ. ಏನ್ ಮಾಡ್ಲಿ?”

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಕಡೆ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಐಟಿಐ ಮುಗಿಸಿದವರು, ಡಿಪ್ಲೊಮಾ ಮಾಡಿದವರು, ಈಗೀಗ ಬಿಇ ಆದವರೂ ಕೇಳುತ್ತಾರೆ. ಡ್ರಾಯಿಂಗ್ ಓದಲು ಬರುತ್ತದೆ, ಮೈಕ್ರೋಮೀಟರ್ ಹಿಡಿದರೆ ಅಳತೆ ತಪ್ಪುವುದಿಲ್ಲ. ಆದರೆ ಗ್ರಾಹಕರಿಂದ ಒಂದು ಇಂಗ್ಲಿಷ್ ಮೇಲ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ನಮ್ಮ ಊರಿನವರಿಗೆ ಭಾಷೆ ಕಲಿಯುವುದು ಹೊಸದಲ್ಲ. ಮನೆಯಲ್ಲಿ ಕನ್ನಡ, ಖಡೇ ಬಜಾರಿನಲ್ಲಿ ಮರಾಠಿ, ಲಾರಿ ಡ್ರೈವರ್ ಜೊತೆ ಹಿಂದಿ. ಇವನ್ನು ಯಾವ ವ್ಯಾಕರಣ ಪುಸ್ತಕ ಓದಿ ಕಲಿತಿರಿ? ಬೇಕಾದಾಗ, ಬೇಕಾದಷ್ಟು ಕಲಿತಿರಿ ಅಲ್ವಾ? ಕೆಲಸದ ಇಂಗ್ಲಿಷನ್ನೂ ಹಾಗೆಯೇ ಕಲಿಯಬಹುದು.

ಬೇಕಾಗುವುದು ಇಷ್ಟು: ಒಂದು 200 ಪುಟದ ನೋಟ್‌ಬುಕ್, ನಿಮ್ಮ ಫೋನು, ದಿನಕ್ಕೆ 40 ನಿಮಿಷ. ಮೂರು ತಿಂಗಳು ಬಿಡದೆ ಮಾಡಿದರೆ ಮೇಲ್ ಮತ್ತು ಫೋನಿನ ಭಯ ಹೋಗುತ್ತದೆ ಎಂಬುದು ನನ್ನ ಅನುಭವ. ಕೆಳಗೆ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಸುಮ್ನೆ ಕಣ್ಣಾಡಿಸಬೇಡಿ, ಬಾಯಿ ಬಿಟ್ಟು ಓದಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಿ.

ಹಂತ 1: ನಿಮಗೆ ಬೇಕಾದ ಇಂಗ್ಲಿಷ್ ಎಷ್ಟು ಎಂದು ಅಳೆಯಿರಿ

ಒಂದು ವಾರ ಏನೂ ಕಲಿಯಬೇಡಿ, ಬರೀ ಲೆಕ್ಕ ಇಡಿ. ಕೆಲಸದಲ್ಲಿ ಎಲ್ಲೆಲ್ಲಿ ಇಂಗ್ಲಿಷ್ ಎದುರಾಯಿತು, ಯಾರ ಜೊತೆ, ಮಾತಿನಲ್ಲೋ ಬರಹದಲ್ಲೋ ಎಂದು ಬರೆದುಕೊಳ್ಳಿ. ಕ್ವಾಲಿಟಿ ವಿಭಾಗದವರಿಗೆ ರಿಜೆಕ್ಷನ್ ಮೇಲ್, ಇನ್ಸ್‌ಪೆಕ್ಷನ್ ರಿಪೋರ್ಟ್, ಗ್ರಾಹಕರ ಫೋನು ಇರುತ್ತದೆ. ಡಿಸ್ಪ್ಯಾಚಿನವರಿಗೆ ತಾರೀಖು, ಸಂಖ್ಯೆ, ಟ್ರಾನ್ಸ್‌ಪೋರ್ಟ್ ಮಾತು. ಲೆಕ್ಕಪತ್ರದವರಿಗೆ ಬಾಕಿ ಹಣ ಕೇಳುವ ಮೇಲ್.

ವಾರದ ಕೊನೆಗೆ ಪಟ್ಟಿ ನೋಡಿ. ಹೆಚ್ಚಿನವರಿಗೆ ಐದಾರು ಸಂದರ್ಭಗಳೇ ಮತ್ತೆ ಮತ್ತೆ ಬಂದಿರುತ್ತವೆ. ಮೂರು ತಿಂಗಳು ನೀವು ಕಲಿಯಬೇಕಾದದ್ದು ಅಷ್ಟೇ. ಇಲ್ಲಿ ಆಗುವ ದೊಡ್ಡ ತಪ್ಪು ಏನೆಂದರೆ “30 ದಿನದಲ್ಲಿ ಇಂಗ್ಲಿಷ್” ಎಂಬ ಪುಸ್ತಕ ತಂದು ಹಣ್ಣು, ತರಕಾರಿ, ಹಕ್ಕಿಗಳ ಹೆಸರಿನಿಂದ ಶುರು ಮಾಡುವುದು. ಪಂಪ್ ಹೌಸಿಂಗ್ ಕಳಿಸುವವರಿಗೆ ಹಕ್ಕಿಯ ಹೆಸರು ಯಾಕೆ?

ಹಂತ 2: ಹೆಸರುಗಳು ನಿಮ್ಮಲ್ಲಿವೆ, ಕ್ರಿಯಾಪದ ಸೇರಿಸಿ

ಕಾಸ್ಟಿಂಗ್, ಪ್ಯಾಟರ್ನ್, ಬ್ಲೋಹೋಲ್, ರಿವರ್ಕ್, ಟಾಲರೆನ್ಸ್, ಬ್ಯಾಚ್, ಗೇಜ್, ಸ್ಟಾಕ್. ಶಾಪ್ ಫ್ಲೋರಿನಲ್ಲಿ ದಿನಾ ಬಳಸುವ ಈ ಮಾತುಗಳೆಲ್ಲ ಇಂಗ್ಲಿಷ್ ತಾನೆ? ಇಲ್ಲದಿರುವುದು ಕ್ರಿಯಾಪದ, ಅಂದರೆ ಮಾಡಿದ, ಮಾಡುವ ಕೆಲಸವನ್ನು ಹೇಳುವ ಪದ. ಹತ್ತರಿಂದ ಆರಂಭಿಸಿ: ರಿಸೀವ್ (ತಲುಪುವುದು), ಚೆಕ್, ಫೈಂಡ್ (ಕಂಡುಬರುವುದು), ರಿಪ್ಲೇಸ್ (ಬದಲಿ ಕೊಡುವುದು), ಡಿಸ್ಪ್ಯಾಚ್, ಕನ್ಫರ್ಮ್ (ಖಚಿತ ಮಾಡುವುದು), ಡಿಲೇ (ತಡವಾಗುವುದು), ಅಟ್ಯಾಚ್ (ಮೇಲ್ ಜೊತೆ ಲಗತ್ತಿಸುವುದು), ಅಪ್ರೂವ್ (ಒಪ್ಪಿಗೆ ಕೊಡುವುದು), ಸೆಂಡ್. ಒಂದೊಂದಕ್ಕೂ ನಿಮ್ಮ ಕೆಲಸದ್ದೇ ಮೂರು ವಾಕ್ಯ ಬರೆಯಿರಿ.

ಕಾಲದ ವಿಷಯದಲ್ಲಿ ನಾವು ಎಡವುವುದು ಎರಡು ಕಡೆ. ಎರಡಕ್ಕೂ ಕಾರಣ ನಮ್ಮ ಕನ್ನಡದಲ್ಲೇ ಇದೆ. ಕಾರಣ ತಿಳಿದರೆ ಸರಿಪಡಿಸುವುದು ಸುಲಭ.

ಮೊದಲನೆಯದು. “ಕಳಿಸುತ್ತೇನೆ” ಎಂಬ ಒಂದೇ ಪದ ನಮಗೆ ಎರಡು ಕೆಲಸ ಮಾಡುತ್ತದೆ. “ದಿನಾ ಕಳಿಸುತ್ತೇನೆ” ಎನ್ನುತ್ತೇವೆ, “ನಾಳೆ ಕಳಿಸುತ್ತೇನೆ” ಎಂದೂ ಅನ್ನುತ್ತೇವೆ. ಅದಕ್ಕೇ “ಐ ಸೆಂಡ್ ಟುಮಾರೊ” ಎಂದು ಬಾಯಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ನಾಳೆಯ ಮಾತಿಗೆ “ವಿಲ್” ಬೇಕು: “ಐ ವಿಲ್ ಸೆಂಡ್ ಇಟ್ ಟುಮಾರೊ.”

ಎರಡನೆಯದು. “ನಿನ್ನೆ ಕಳಿಸಿದ್ದೇನೆ” ಎಂಬುದು ಸರಿಯಾದ ಕನ್ನಡ. ಅದನ್ನೇ ಎತ್ತಿ “ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ” ಎಂದರೆ ತಪ್ಪು. ನಿನ್ನೆ, ಸೋಮವಾರ, ಕಳೆದ ವಾರ ಎಂದು ಮುಗಿದುಹೋದ ಹೊತ್ತನ್ನು ಹೇಳಿದರೆ “ಹ್ಯಾವ್” ಬಿಡಿ: “ಐ ಸೆಂಟ್ ಇಟ್ ಯೆಸ್ಟರ್ಡೇ.” ಹೊತ್ತು ಹೇಳದೆ ಕೆಲಸ ಆಗಿದೆ ಎಂದಷ್ಟೇ ತಿಳಿಸುವುದಾದರೆ “ಐ ಹ್ಯಾವ್ ಸೆಂಟ್ ದ ಡ್ರಾಯಿಂಗ್.”

ಇನ್ನೊಂದು ಸಣ್ಣದು. “ಐ ಆ್ಯಮ್ ಹ್ಯಾವಿಂಗ್ ದ ಗೇಜ್”, “ಐ ಆ್ಯಮ್ ನೋಯಿಂಗ್” ಬೇಡ. “ಐ ಹ್ಯಾವ್”, “ಐ ನೋ” ಸಾಕು.

ಎ, ಆ್ಯನ್, ದ ಎಂಬ ಮೂರು ಪುಟ್ಟ ಪದಗಳಿಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಅವು ತಪ್ಪಿದರೂ ಅರ್ಥ ಹಾಳಾಗುವುದು ಅಪರೂಪ.

ಹಂತ 3: ನಮ್ಮ “ರೀ” ಎಲ್ಲಿ ಹೋಯಿತು?

ಈ ಹಂತವನ್ನು ದಯವಿಟ್ಟು ಎರಡು ಸಲ ಓದಿ. ವ್ಯಾಕರಣ ತಪ್ಪಿದರೆ ಗ್ರಾಹಕರು ಮನ್ನಿಸುತ್ತಾರೆ, ಒರಟುತನ ಕಂಡರೆ ಮನ್ನಿಸುವುದಿಲ್ಲ. ನಮ್ಮವರು ಒರಟಾಗಿ ಕಾಣುವುದು ಸ್ವಭಾವದಿಂದಲ್ಲ, ಭಾಷೆ ಬದಲಾಗುವಾಗ ಮರ್ಯಾದೆಯ ಪದ ಉದುರಿ ಹೋಗುವುದರಿಂದ.

“ಡ್ರಾಯಿಂಗ್ ಕಳಸ್ರಿ” ಎನ್ನುತ್ತೇವೆ. ಮರ್ಯಾದೆ ಎಲ್ಲಿದೆ? ಕೊನೆಯ “ರಿ”ಯಲ್ಲಿ. “ನೀವು” ಎಂಬ ಪದದಲ್ಲೂ ಇದೆ. ಇಂಗ್ಲಿಷಿನಲ್ಲಿ “ರಿ” ಇಲ್ಲ, ನೀನು ನೀವು ಎರಡಕ್ಕೂ “ಯೂ” ಒಂದೇ. ಹಾಗಾಗಿ “ಸೆಂಡ್ ದ ಡ್ರಾಯಿಂಗ್” ಎಂದು ಬರೆದರೆ ಓದುವವರಿಗೆ “ಡ್ರಾಯಿಂಗ್ ಕಳಿಸು” ಎಂದು ಕೇಳಿಸುತ್ತದೆ. “ಪ್ಲೀಸ್” ಒಂದನ್ನು ಸೇರಿಸಿದರೂ ಅದು ಅಪ್ಪಣೆಯೇ, ಸ್ವಲ್ಪ ಮೆತ್ತಗಾಗುತ್ತದೆ ಅಷ್ಟೇ.

ಇಂಗ್ಲಿಷಿನವರು ಮರ್ಯಾದೆಯನ್ನು ಪ್ರಶ್ನೆಯಲ್ಲಿ ಇಡುತ್ತಾರೆ. “ಕುಡ್ ಯೂ ಪ್ಲೀಸ್ ಸೆಂಡ್ ದ ಡ್ರಾಯಿಂಗ್?” ಈ “ಕುಡ್ ಯೂ ಪ್ಲೀಸ್” ನಿಮ್ಮ ಹೊಸ “ರೀ”. ಕೇಳುವ ಪ್ರತಿ ವಾಕ್ಯಕ್ಕೂ ಮುಂದೆ ಅದನ್ನು ಹಚ್ಚಿ.

ಬೇಡ ಎನ್ನುವಾಗಲೂ ಹೀಗೆ. “ನಾಟ್ ಪಾಸಿಬಲ್” ಎಂದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. “ಐ ಆ್ಯಮ್ ಅಫ್ರೇಡ್ ವಿ ಕಾಂಟ್ ಡೂ ದಿಸ್ ಬೈ ಫ್ರೈಡೇ. ವಿ ಕ್ಯಾನ್ ಡೂ ಇಟ್ ಬೈ ಟ್ಯೂಸ್ಡೇ” ಎನ್ನಿ. ಇಲ್ಲಿ “ಅಫ್ರೇಡ್” ಎಂದರೆ ಹೆದರಿಕೆ ಅಲ್ಲ, “ತಪ್ಪು ತಿಳಿಯಬೇಡ್ರಿ, ಆದರೆ” ಎಂಬ ಭಾವ.

ಎದುರಿನವರ ತಪ್ಪು ತೋರಿಸುವಾಗ “ಯೂ”ದಿಂದ ಶುರು ಮಾಡಬೇಡಿ. “ಯೂ ಸೆಂಟ್ ರಾಂಗ್ ಡ್ರಾಯಿಂಗ್” ಎಂಬುದು ಬೆರಳು ತೋರಿಸಿದಂತೆ. “ದ ಡ್ರಾಯಿಂಗ್ ವಿ ರಿಸೀವ್ಡ್ ಸೀಮ್ಸ್ ಟು ಬಿ ಆ್ಯನ್ ಓಲ್ಡ್ ರಿವಿಷನ್.” ತಪ್ಪು ಡ್ರಾಯಿಂಗಿನದ್ದಾಯಿತು, ಮನುಷ್ಯನದ್ದಲ್ಲ. ರಿವಿಷನ್ ಎಂದರೆ ಡ್ರಾಯಿಂಗನ್ನು ತಿದ್ದಿದಾಗಲೆಲ್ಲ ಕೊಡುವ ಹೊಸ ಗುರುತು.

ಮರ್ಯಾದೆ ಅತಿಯಾಗುವುದೂ ಉಂಟು. ಒಂದೇ ಮೇಲಿನಲ್ಲಿ ಐದು ಸಲ “ಸರ್”, ಮೊದಲಿಗೆ “ರೆಸ್ಪೆಕ್ಟೆಡ್ ಸರ್” ಬೇಕಿಲ್ಲ. “ಡಿಯರ್ ಮಿಸ್ಟರ್” ಎಂದು ಬರೆದು ಮುಂದೆ ಅವರ ಅಡ್ಡಹೆಸರು ಹಾಕಿ. ಹೆಂಗಸರಿಗೆ “ಮಿಜ್” ಹಾಕಿ. ಅದು ಮದುವೆ ಆಗಿದೆಯೋ ಇಲ್ಲವೋ ಎಂದು ಕೇಳದ ಪದ.

ಹಂತ 4: ಮೇಲ್ ಬರೆಯುವುದು

ನಾವು ಮಾತಾಡುವಾಗ ಮೊದಲು ಕಾರಣ, ಕೊನೆಗೆ ವಿಷಯ. “ಎರಡು ದಿನ ಕರೆಂಟ್ ಇರಲಿಲ್ಲ, ಫರ್ನೇಸ್ ನಿಂತಿತ್ತು, ಇಬ್ಬರು ಆಪರೇಟರ್ ರಜೆ ಮೇಲಿದ್ದರು, ಹೀಗಾಗಿ ಮಾಲು ತಡ ಆಗ್ತದ್ರಿ.” ಕೇಳುವವರು ಎದುರಿಗೆ ಇದ್ದಾಗ ಇದು ಚಂದ. ಮೇಲಿನಲ್ಲಿ ಅವರು ಎರಡು ಸಾಲು ಓದಿ ಮುಂದೆ ಹೋಗುತ್ತಾರೆ. ಕೊನೆಯ ಸಾಲಿನ “ತಡ” ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಅದಕ್ಕೆ ತಿರುಗಿಸಿ ಬರೆಯಿರಿ: ಮೊದಲು ವಿಷಯ, ಆಮೇಲೆ ಹೊಸ ತಾರೀಖು, ಆಮೇಲೆ ಒಂದೇ ಸಾಲಿನ ಕಾರಣ, ಕೊನೆಗೆ ಅವರು ಏನು ಮಾಡಬೇಕು. ಹೀಗೆ:

ಸಬ್ಜೆಕ್ಟ್: “ಪಿಒ 4512: ಡಿಸ್ಪ್ಯಾಚ್ ಮೂವ್ಡ್ ಟು 18 ಜುಲೈ”

“ಡಿಯರ್ ಮಿಸ್ಟರ್ ಪಾಟೀಲ್, ದ ಡಿಸ್ಪ್ಯಾಚ್ ಆಫ್ 200 ಪಂಪ್ ಹೌಸಿಂಗ್ಸ್ ವಿಲ್ ಬಿ ಡಿಲೇಡ್ ಬೈ ಟೂ ಡೇಸ್. ದ ನ್ಯೂ ಡೇಟ್ ಈಸ್ 18 ಜುಲೈ. ಅವರ್ ಫರ್ನೇಸ್ ವಾಸ್ ಡೌನ್ ಬಿಕಾಸ್ ಆಫ್ ಎ ಪವರ್ ಕಟ್. ಕುಡ್ ಯೂ ಪ್ಲೀಸ್ ಕನ್ಫರ್ಮ್ ದಟ್ ದಿಸ್ ಡೇಟ್ ವರ್ಕ್ಸ್ ಫಾರ್ ಯೂ?”

ನಾಲ್ಕು ವಾಕ್ಯ, ಮುಗಿಯಿತು. ಸಬ್ಜೆಕ್ಟ್ ಸಾಲನ್ನು ಖಾಲಿ ಬಿಡಬೇಡಿ, ಬರೀ “ರಿಗಾರ್ಡಿಂಗ್ ಮಟೀರಿಯಲ್” ಎಂದೂ ಹಾಕಬೇಡಿ. ಆರ್ಡರ್ ನಂಬರು ಮತ್ತು ವಿಷಯ ಅಲ್ಲೇ ಇರಲಿ.

ಮೇಲಿನಲ್ಲಿ ಬರುವ ಗಿಡ್ಡ ಪದಗಳು ಗೊತ್ತಿರಬೇಕು. ಪಿಒ ಎಂದರೆ ಪರ್ಚೇಸ್ ಆರ್ಡರ್, ಗ್ರಾಹಕರು ಕೊಡುವ ಖರೀದಿ ಆದೇಶ. ಆರ್‌ಎಫ್‌ಕ್ಯೂ ಎಂದರೆ ರಿಕ್ವೆಸ್ಟ್ ಫಾರ್ ಕೊಟೇಶನ್, ದರ ತಿಳಿಸಿ ಎಂಬ ಕೋರಿಕೆ. ಇಒಡಿ ಎಂದರೆ ಎಂಡ್ ಆಫ್ ಡೇ, ಇವತ್ತಿನ ಕೆಲಸದ ಹೊತ್ತು ಮುಗಿಯುವುದರೊಳಗೆ. ಎಫ್‌ವೈಐ ಎಂದರೆ ನಿಮ್ಮ ಮಾಹಿತಿಗಾಗಿ, ಉತ್ತರ ಬೇಕಿಲ್ಲ. 8ಡಿ ರಿಪೋರ್ಟ್ ಎಂದರೆ ದೋಷ ಬಂದಾಗ ಅದರ ಮೂಲ ಕಾರಣ ಹುಡುಕಿ, ಮತ್ತೆ ಬರದಂತೆ ಏನು ಮಾಡಿದಿರಿ ಎಂದು ಎಂಟು ಹೆಜ್ಜೆಗಳಲ್ಲಿ ಬರೆಯುವ ವರದಿ. ಸಿಸಿಯಲ್ಲಿ ಹಾಕಿದವರ ಹೆಸರು ಎಲ್ಲರಿಗೂ ಕಾಣುತ್ತದೆ, ಬಿಸಿಸಿಯಲ್ಲಿ ಹಾಕಿದವರದ್ದು ಬೇರೆಯವರಿಗೆ ಕಾಣುವುದಿಲ್ಲ. “ರಿಪ್ಲೈ ಆಲ್” ಒತ್ತುವ ಮೊದಲು ಯಾರ‍್ಯಾರು ಇದ್ದಾರೆ ಎಂದು ನೋಡಿ. ಒಳಗಿನ ದರದ ಮಾತು ಗ್ರಾಹಕರಿಗೆ ಹೋಗಿಬಿಟ್ಟರೆ ವಾಪಸ್ ತರಲು ಆಗುವುದಿಲ್ಲ.

ಈ ಕೆಲವು ಮಾತುಗಳು ನಮ್ಮ ದೇಶದಲ್ಲಿ ನಡೆಯುತ್ತವೆ, ಹೊರಗೆ ಎಡವಟ್ಟು ಮಾಡುತ್ತವೆ. “ಪ್ಲೀಸ್ ರಿವರ್ಟ್” ಎಂದು ನಾವು ಬರೆಯುವುದು “ಉತ್ತರ ಕೊಡಿ” ಎಂಬ ಅರ್ಥದಲ್ಲಿ. ಹೊರದೇಶದವರಿಗೆ ಅದು “ಹಿಂದಿನ ಸ್ಥಿತಿಗೆ ತನ್ನಿ” ಎಂದಾಗುತ್ತದೆ. ಡ್ರಾಯಿಂಗ್ ಬಗ್ಗೆ ಹೀಗೆ ಬರೆದರೆ ಹಳೆಯ ರಿವಿಷನ್ನಿಗೆ ಹೋಗಿ ಎಂದು ತಿಳಿದಾರು. “ರಿಪ್ಲೈ” ಎಂದೇ ಬರೆಯಿರಿ. “ಐ ಹ್ಯಾವ್ ಎ ಡೌಟ್” ಎಂದರೆ ನಿಮ್ಮ ಮಾತಿನ ಮೇಲೆ ನಂಬಿಕೆ ಇಲ್ಲ ಎಂದು ಕೇಳಿಸಬಹುದು. “ಐ ಹ್ಯಾವ್ ಎ ಕ್ವೆಶ್ಚನ್” ಎನ್ನಿ. “ಡೂ ದ ನೀಡ್‌ಫುಲ್” ಬಿಡಿ, ಏನು ಬೇಕೋ ಅದನ್ನೇ ಹೇಳಿ. “ಪ್ರಿಪೋನ್” ಬದಲು “ಬ್ರಿಂಗ್ ಫಾರ್ವರ್ಡ್”. “ಡಿಸ್ಕಸ್ ಅಬೌಟ್” ಅಲ್ಲ, ಬರೀ “ಡಿಸ್ಕಸ್”.

ಮೇಲ್ ಬರೆದುಕೊಡುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಬಳಸಿ, ತಪ್ಪಿಲ್ಲ. ಆದರೆ ಮೊದಲು ನೀವೇ ಬರೆಯಿರಿ, ಆಮೇಲೆ ಆ್ಯಪ್ ಏನು ತಿದ್ದಿತು ಎಂದು ನೋಡಿ ನೋಟ್‌ಬುಕ್ಕಿಗೆ ಹಾಕಿಕೊಳ್ಳಿ. ಕಂಪನಿಯ ಒಪ್ಪಿಗೆ ಇಲ್ಲದೆ ಗ್ರಾಹಕರ ಹೆಸರು, ದರ, ಡ್ರಾಯಿಂಗ್ ಅವುಗಳೊಳಗೆ ಹಾಕಲೇಬೇಡಿ.

ಹಂತ 5: ಫೋನಿನಲ್ಲಿ ಮಾತು

ಫೋನಿನಲ್ಲಿ ಮುಖ ಕಾಣುವುದಿಲ್ಲ, ಹಿಂದೆ ಗ್ರೈಂಡಿಂಗ್ ಸದ್ದು. ಮೊದಲು ಶಾಪ್ ಫ್ಲೋರಿನಿಂದ ಹೊರಗೆ ಬನ್ನಿ. “ಪ್ಲೀಸ್ ಗಿವ್ ಮಿ ಒನ್ ಮಿನಿಟ್, ಐ ವಿಲ್ ಮೂವ್ ಟು ಎ ಕ್ವಾಯೆಟ್ ಪ್ಲೇಸ್” ಎಂದರೆ ಯಾರೂ ಬೇಜಾರಾಗುವುದಿಲ್ಲ.

ಅರ್ಥವಾಗದಿದ್ದರೆ “ಯೆಸ್ ಯೆಸ್” ಅನ್ನಬೇಡಿ. ಈ ಎರಡು ವಾಕ್ಯ ಬಾಯಿಪಾಠ ಮಾಡಿ: “ಸಾರಿ, ಐ ಡಿಡಂಟ್ ಕ್ಯಾಚ್ ದ ಲಾಸ್ಟ್ ಪಾರ್ಟ್.” “ಕುಡ್ ಯೂ ಪ್ಲೀಸ್ ಸೇ ದಟ್ ಸ್ಲೋಲಿ?” ಕೇಳಿ ತಿಳಿದುಕೊಳ್ಳುವುದು ದಡ್ಡತನ ಅಲ್ಲ.

ಹೌದು, ಇಲ್ಲ ಎನ್ನುವುದರಲ್ಲಿ ಒಂದು ಗುಂಡಿ ಇದೆ. “ಡಿಡಂಟ್ ಯೂ ರಿಸೀವ್ ದ ಪಿಒ?” ಅಂದರೆ “ಪಿಒ ಬಂದಿಲ್ವಾ?” ನಾವು “ಹೌದ್ರಿ, ಬಂದಿಲ್ಲ” ಎನ್ನುವ ರೂಢಿಯಲ್ಲಿ “ಯೆಸ್” ಎನ್ನುತ್ತೇವೆ. ಅವರು “ಬಂದಿದೆ” ಎಂದು ತಿಳಿದು ಫೋನ್ ಇಡುತ್ತಾರೆ. ಇಂಗ್ಲಿಷಿನಲ್ಲಿ ಬಂದಿಲ್ಲ ಎಂದರೆ ಪ್ರಶ್ನೆ ಹೇಗೇ ಇರಲಿ “ನೋ”. ಬರೀ ಯೆಸ್, ನೋ ಹೇಳಿ ನಿಲ್ಲಿಸದೆ ಪೂರ್ತಿ ವಾಕ್ಯ ಹೇಳಿ: “ನೋ, ವಿ ಹ್ಯಾವಂಟ್ ರಿಸೀವ್ಡ್ ಇಟ್.” ಆಗ ಗೊಂದಲಕ್ಕೆ ಜಾಗವೇ ಇಲ್ಲ.

ಸಂಖ್ಯೆಗಳಲ್ಲಿ ಇನ್ನೂ ಎಚ್ಚರ ಬೇಕು. ನಾನು ಒಂದು ಮಷೀನ್ ಶಾಪಿನಲ್ಲಿ ಡಿಸ್ಪ್ಯಾಚ್ ನೋಡುತ್ತಿದ್ದಾಗ “ಫಿಫ್ಟೀನ್” ಎಂದದ್ದು ನನಗೆ “ಫಿಫ್ಟಿ” ಎಂದು ಕೇಳಿಸಿತು. 35 ಪೀಸ್ ಹೆಚ್ಚಾಗಿ ತಯಾರಾಗಿ ಗೋದಾಮಿನಲ್ಲಿ ಉಳಿದವು. ಅಂದಿನಿಂದ “ಒನ್ ಫೈವ್, ಫಿಫ್ಟೀನ್”, “ಫೈವ್ ಝೀರೋ, ಫಿಫ್ಟಿ” ಎಂದು ಎರಡು ರೀತಿಯಲ್ಲೂ ಹೇಳದೆ ನಾನು ಮುಂದೆ ಹೋಗುವುದಿಲ್ಲ. ನೀವೂ ಹಾಗೇ ಮಾಡಿ.

ಹೊರದೇಶದವರ ಜೊತೆ ಲಕ್ಷ, ಕೋಟಿ ಬೇಡ. 10 ಲಕ್ಷಕ್ಕೆ ಒಂದು ಮಿಲಿಯನ್, 100 ಕೋಟಿಗೆ ಒಂದು ಬಿಲಿಯನ್. ಜರ್ಮನಿಯ ಡ್ರಾಯಿಂಗಿನಲ್ಲಿ 25,4 ಎಂದಿದ್ದರೆ ಅದು 25.4, ಅಲ್ಲಿ ದಶಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ. ತಾರೀಖನ್ನು 03/04 ಎಂದು ಬರೆಯಬೇಡಿ. ನಮಗದು ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ತಿಂಗಳ ಹೆಸರನ್ನೇ ಬರೆಯಿರಿ. “ನೆಕ್ಸ್ಟ್ ಫ್ರೈಡೇ” ಎಂದರೂ ಗೊಂದಲವೇ, ಜೊತೆಗೆ ತಾರೀಖು ಹೇಳಿ. ಫೋನ್ ಮಾಡುವ ಮೊದಲು ಅಲ್ಲಿ ಗಂಟೆ ಎಷ್ಟು ನೋಡಿ: ಜರ್ಮನಿ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ ಇರುತ್ತದೆ.

ಮೇಲ್ ವಿಳಾಸ ಅಥವಾ ಪಾರ್ಟ್ ನಂಬರು ಹೇಳುವಾಗ ಬಿ, ಡಿ, ಪಿ, ಟಿ ಎಲ್ಲ ಒಂದೇ ಥರ ಕೇಳಿಸುತ್ತವೆ. ವಿಮಾನದವರು, ಸೈನ್ಯದವರು ಬಳಸುವ ಪಟ್ಟಿ ಇದಕ್ಕೇ ಇದೆ: ಬಿಗೆ ಬ್ರಾವೊ, ಡಿಗೆ ಡೆಲ್ಟಾ, ಎಂಗೆ ಮೈಕ್, ಎನ್‌ಗೆ ನವೆಂಬರ್, ಪಿಗೆ ಪಾಪಾ, ಟಿಗೆ ಟ್ಯಾಂಗೊ. 26 ಅಕ್ಷರಗಳ ಪಟ್ಟಿಯನ್ನು ಮೇಜಿನ ಮೇಲೆ ಅಂಟಿಸಿಕೊಳ್ಳಿ.

ಫೋನ್ ಇಟ್ಟ ಹತ್ತು ನಿಮಿಷದೊಳಗೆ ಮಾತಾದದ್ದನ್ನು ಮೇಲಿನಲ್ಲಿ ಕಳಿಸಿ. “ಆ್ಯಸ್ ಡಿಸ್ಕಸ್ಡ್ ಆನ್ ದ ಫೋನ್” ಎಂದು ಶುರು ಮಾಡಿ. ನೀವು ಏನಾದರೂ ತಪ್ಪಾಗಿ ಕೇಳಿಸಿಕೊಂಡಿದ್ದರೆ ಅವರೇ ತಿದ್ದುತ್ತಾರೆ.

ಹಂತ 6: ಉಚ್ಚಾರ

ಬ್ರಿಟಿಷರ ಹಾಗೆ, ಅಮೆರಿಕದವರ ಹಾಗೆ ಮಾತಾಡಬೇಕಿಲ್ಲ. ನಮ್ಮ ಧಾಟಿ ಇರಲಿ, ಅರ್ಥವಾದರೆ ಸಾಕು. ಮೂರು ಕಡೆ ಮಾತ್ರ ಗಮನ ಕೊಡಿ.

ಪದದ ಕೊನೆಗೆ “ಉ” ಸೇರಿಸಬೇಡಿ. ಕನ್ನಡದಲ್ಲಿ ಮೇಲು, ಫೋನು ಎನ್ನುವುದು ಚಂದ, ಇಂಗ್ಲಿಷ್ ವಾಕ್ಯದಲ್ಲಿ ಬೇಡ. “ವಿ” ಅಕ್ಷರಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, “ಡಬ್ಲ್ಯು” ಬಂದಾಗ ತುಟಿ ದುಂಡಗಾಗಬೇಕು. ವೆಂಡರ್ ಮತ್ತು ವೇಟ್ ಹೇಳಿ ಕನ್ನಡಿಯಲ್ಲಿ ನೋಡಿಕೊಳ್ಳಿ. ಮೂರನೆಯದು ಒತ್ತು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚು ಕಡಿಮೆ ಸಮನಾದ ತೂಕ. ಇಂಗ್ಲಿಷಿನಲ್ಲಿ ಒಂದು ಭಾಗದ ಮೇಲೆ ಭಾರ ಬೀಳುತ್ತದೆ. ಕಂಪೋನೆಂಟ್ ಎನ್ನುವಾಗ “ಪೋ” ಮೇಲೆ, ಟಾಲರೆನ್ಸ್ ಎನ್ನುವಾಗ “ಟಾ” ಮೇಲೆ, ಕೊಟೇಶನ್ ಎನ್ನುವಾಗ “ಟೇ” ಮೇಲೆ. ಕೇಂಬ್ರಿಜ್ ಡಿಕ್ಷನರಿಯ ಆನ್‌ಲೈನ್ ಪುಟದಲ್ಲಿ ಸ್ಪೀಕರ್ ಗುರುತು ಒತ್ತಿದರೆ ಪದ ಕೇಳಿಸುತ್ತದೆ, ದುಡ್ಡು ಕೊಡಬೇಕಿಲ್ಲ.

ಪರೀಕ್ಷೆಗೆ ನಿಮ್ಮ ಫೋನೇ ಮೇಷ್ಟ್ರು. ಕೀಬೋರ್ಡಿನ ಮೈಕ್ ಗುರುತು ಒತ್ತಿ, ಭಾಷೆ ಇಂಗ್ಲಿಷ್ ಇಂಡಿಯಾ ಇಟ್ಟು, ನಿಮ್ಮ ವಾಕ್ಯ ಹೇಳಿ. ಅದು ಬೇರೆ ಪದ ಬರೆದರೆ ಆ ಪದವನ್ನು ಗುರುತು ಹಾಕಿಕೊಂಡು ಮತ್ತೆ ಹೇಳಿ.

ಹಂತ 7: ಮೀಟಿಂಗ್

ಎಲ್ಲಕ್ಕೂ ಉತ್ತರ ಕೊಡಬೇಕು ಎಂದುಕೊಂಡರೆ ನಾಲಿಗೆ ಕಟ್ಟುತ್ತದೆ. ಹೋಗುವ ಮೊದಲು ನೀವು ಹೇಳಬೇಕಾದ ಎರಡೇ ವಾಕ್ಯ ಬರೆದುಕೊಳ್ಳಿ, ಮೊದಲ ಹತ್ತು ನಿಮಿಷದಲ್ಲೇ ಒಂದನ್ನು ಹೇಳಿಬಿಡಿ. ಉತ್ತರ ಗೊತ್ತಿಲ್ಲದಿದ್ದರೆ “ಐ ವಿಲ್ ಚೆಕ್ ಆ್ಯಂಡ್ ಗೆಟ್ ಬ್ಯಾಕ್ ಟು ಯೂ ಬೈ ಫೋರ್ ಓ ಕ್ಲಾಕ್” ಎನ್ನಿ. ನಾಲ್ಕು ಎಂದರೆ ನಾಲ್ಕಕ್ಕೇ ತಿಳಿಸಿ.

ಹಂತ 8: ದಿನದ ಅಭ್ಯಾಸ, ಕ್ಲಾಸಿನ ಪ್ರಶ್ನೆ

ಖಾನಾಪುರ, ಕಿತ್ತೂರು ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಹೋಗಿ ಬರುವ ಹೊತ್ತೇ ಸಾಕು. ಬರುವಾಗ 15 ನಿಮಿಷ ಕೇಳಿ: ಬಿಬಿಸಿ ಲರ್ನಿಂಗ್ ಇಂಗ್ಲಿಷ್ ಉಚಿತ, ಆಕಾಶವಾಣಿಯ ಇಂಗ್ಲಿಷ್ ವಾರ್ತೆಯೂ ಒಳ್ಳೆಯದು. ಸರ್ಕಾರದ ಸ್ವಯಂ ಪೋರ್ಟಲ್ಲಿನಲ್ಲೂ ಇಂಗ್ಲಿಷ್ ಕೋರ್ಸುಗಳನ್ನು ಉಚಿತವಾಗಿ ಕೇಳಬಹುದು. ರಾತ್ರಿ 15 ನಿಮಿಷ ಅವತ್ತು ಬಂದ ಒಂದು ನಿಜವಾದ ಮೇಲಿಗೆ ಇನ್ನೂ ಚಂದದ ಉತ್ತರ ಬರೆಯಿರಿ. ಉಳಿದ 10 ನಿಮಿಷ ಗಟ್ಟಿಯಾಗಿ ಮಾತು. ಜೊತೆಗೆ ಕೆಲಸ ಮಾಡುವ ಒಬ್ಬರನ್ನು ಹಿಡಿದು, ಒಬ್ಬರು ಗ್ರಾಹಕರು, ಇನ್ನೊಬ್ಬರು ನೀವು ಎಂದುಕೊಂಡು ಫೋನಿನಲ್ಲೇ ಮಾತಾಡಿ. ಯಾರಾದರೂ ನಕ್ಕರೆ ಆ ಜೊತೆ ಬಿಟ್ಟು ಬೇರೆಯವರನ್ನು ಹುಡುಕಿ.

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಲೇ ಎಂದು ಬಹಳ ಜನ ಕೇಳುತ್ತಾರೆ. ಮೊದಲ ತಿಂಗಳು ಬೇಡ, ಮೇಲಿನ ಹಂತಗಳನ್ನು ನೀವೇ ಮಾಡಿ. ಆಮೇಲೆ ಮಾತಾಡಲು ಜನ ಬೇಕು ಅನ್ನಿಸಿದರೆ ಸೇರಿ. ಫೀ ಕಟ್ಟುವ ಮೊದಲು ಒಂದು ದಿನ ಸುಮ್ನೆ ಕೂತು ನೋಡಲು ಬಿಡುತ್ತಾರಾ ಕೇಳಿ. ಕೂತಾಗ ಮೇಷ್ಟ್ರು ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಎಂದು ನೋಡಬೇಡಿ, ಕಲಿಯುವವರು ಎಷ್ಟು ಹೊತ್ತು ಮಾತಾಡುತ್ತಾರೆ ಎಂದು ಗಡಿಯಾರ ಹಿಡಿದು ನೋಡಿ. ಒಂದು ಗಂಟೆಯ ಬ್ಯಾಚಿನಲ್ಲಿ 40 ಜನ ಇದ್ದರೆ, ಮೇಷ್ಟ್ರು ಒಂದು ಮಾತೂ ಆಡದಿದ್ದರೂ ನಿಮ್ಮ ಪಾಲಿಗೆ ಬರುವುದು ಒಂದೂವರೆ ನಿಮಿಷ. ಎಂಟು ಹತ್ತು ಜನರ ಬ್ಯಾಚು ಸಿಕ್ಕರೆ ಸ್ವಲ್ಪ ಜಾಸ್ತಿ ಫೀ ಆದರೂ ಅಲ್ಲಿಗೇ ಸೇರಿ.